ಒಂದಕ್ಕೊಂದು ತಾಗದ ದ್ರಾಕ್ಷಿ

ನಮ್ಮ ಓಣಿಯ ಸಂಘಮಿತ್ರಾ ಕಾಲೇಜಿನಲ್ಲಿ ಎಂಜಿನಿಯರಿಂಗ್ ಕಲಿಸುತ್ತಾಳೆ, ಹಟಮಾರಿ. ಅವಳ ಪಿಎಚ್‌ಡಿ ಮುಗಿಯುವ ಮೊದಲೇ ತಾಯಿ ಸತ್ಯವ್ವ, ಬುದ್ಧಪೂರ್ಣಿಮೆಯೊಳಗೆ ಮಗಳು ಡಾಕ್ಟರ್ ಆಗುತ್ತಾಳೆಂದು ಜೋರಾಪುರ ಪೇಟೆಯ ತುಂಬ ಡಂಗುರ ಸಾರಿಬಿಟ್ಟಿದ್ದಳು. ಇಬ್ಬರು ಮುದುಕಿಯರು ಆಗಲೇ ಮೊಣಕಾಲು ತೋರಿಸಿ ಹೋಗಿದ್ದರು.

ಒಣದ್ರಾಕ್ಷಿಯಲ್ಲಿ ಬೆರೆತ ಕಡ್ಡಿಯನ್ನು ಗಾಳಿ ಊದಿ ಹಾರಿಸುವ ಯಂತ್ರದಲ್ಲಿ ಯಾವುದು ಎತ್ತ ಹೋಗುತ್ತದೆಂದು ಕಂಪ್ಯೂಟರಿನಲ್ಲಿ ಮೊದಲೇ ಹೇಳುವುದು ಅವಳ ಸಂಶೋಧನೆ. ಅದಕ್ಕೆ ಎರಡು ಮಾದರಿಗಳಿದ್ದವು. ಒಂದರಲ್ಲಿ ದ್ರಾಕ್ಷಿಗಳು ವಿರಳ, ಗಾಳಿಯಲ್ಲಿ ಒಂದಕ್ಕೊಂದು ತಾಗುವುದೇ ಇಲ್ಲವೆಂದು ಹಿಡಿದು ಲೆಕ್ಕ ಹಾಕಬೇಕು, ಬೇಗ ಮುಗಿಯುತ್ತದೆ. ಇನ್ನೊಂದರಲ್ಲಿ ಅವುಗಳ ನೂಕುನುಗ್ಗಲು, ಡಿಕ್ಕಿ ಎಲ್ಲವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಕಂಪ್ಯೂಟರ್ ಏದುಸಿರು ಬಿಡುತ್ತದೆ. ಪೂರ್ಣಿಮೆ ಹತ್ತಿರ ಬಂದಿತ್ತು. ಸಂಘಮಿತ್ರಾ ಮೊದಲನೆಯದನ್ನು ಆರಿಸಿದಳು.

ಪರೀಕ್ಷೆ ನಡೆದದ್ದು ತಿಕೋಟಾದ ದ್ರಾಕ್ಷಿ ಬೆಳೆಗಾರ ಶಿವಶರಣಪ್ಪನ ಶೆಡ್ಡಿನಲ್ಲಿ. ಅವಳ ಮಾರ್ಗದರ್ಶಕ ರಾಜಾರಾಮ ಸರ್ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಂದಿದ್ದರು. ಶಿವಶರಣಪ್ಪ ಹೊಸ ಯಂತ್ರಕ್ಕೆ ಕಾಯಿ ಒಡೆದ. ಅವನ ಹೆಂಡತಿ ಮುರಿಗೆವ್ವ ಕುಂಕುಮ ಹಚ್ಚಿ, ದ್ರಾಕ್ಷಿಯ ಬುಟ್ಟಿ ಎತ್ತಿಕೊಂಡಳು.

"ಅಕ್ಕಾರ, ಚೂರು ಚೂರು ಹಾಕ್ರಿ," ಎಂದಳು ಸಂಘಮಿತ್ರಾ.

"ಮದಲನೇ ತುತ್ತರಿ ಮೇಡಮ್ಮಾರ! ಅರೆಹೊಟ್ಟಿ ಉಣಸಿದ್ರ ವರ್ಷಾನಗಟ್ಲೆ ಮಷೀನ ಉಪಾಸ ಬೀಳತೈತಿ," ಎಂದವಳೇ ಮುರಿಗೆವ್ವ ಗೋಪುರದಂತೆ ತುಂಬಿದ್ದ ಬುಟ್ಟಿಯನ್ನು ಒಮ್ಮೆಲೇ ಸುರುವಿದಳು.

ಒಳಗೆ ದ್ರಾಕ್ಷಿಗಳು ಡಿಕ್ಕಿ ಹೊಡೆದುಕೊಂಡವು. ಕಡ್ಡಿಗಳು ಅವುಗಳ ಅಡಿಯಲ್ಲಿ ಸಿಕ್ಕಿಬಿದ್ದವು. ಕಡ್ಡಿ ಹಾರಬೇಕಿದ್ದ ಬಾಯಿಂದ ದ್ರಾಕ್ಷಿಗಳೇ ಹಾರಿ, ಲಗ್ನದ ಅಕ್ಕಿಕಾಳಿನಂತೆ ಸರ್ ತಲೆಯ ಮೇಲೆ ಬಿದ್ದವು. ಶಿವಶರಣಪ್ಪ ನಗು ತಡೆಯಲಾರದೆ ಶೆಡ್ಡಿನ ಹಿಂದಕ್ಕೆ ಹೋದ.

ಸರ್ ದೊಡ್ಡ ಮನುಷ್ಯರು. ಕಾಲರಿನೊಳಗಿನ ದ್ರಾಕ್ಷಿ ತೆಗೆದು ಬಾಯಿಗೆ ಹಾಕಿಕೊಂಡು, "ಈಗ ನೀನ ಒಂದೊಂದ ಹಿಡಿ ಹಾಕವಾ. ನಿನ್ನ ಲೆಕ್ಕ ಕೂಡತೈತಿ. ಬರದು ಮುಗಸು," ಎಂದರು.

ಸಂಘಮಿತ್ರಾಗೆ ಆಸೆಯಾಯಿತು, ಸುಳ್ಳೇಕೆ ಹೇಳಲಿ. ಚೆಲ್ಲಿದ್ದರಲ್ಲಿ ಒಂದು ಹಿಡಿ ದ್ರಾಕ್ಷಿ ಎತ್ತಿಕೊಂಡಳು ಕೂಡ. ಆಮೇಲೆ ಅದನ್ನು ಖಾಲಿ ಬುಟ್ಟಿಗೆ ಹಾಕಿದಳು.

"ಬ್ಯಾಡ್ರಿ ಸರ. ನಾ ಹೋದ ಮ್ಯಾಲೆ ಇವರು ಹಾಕೂದು ಬುಟ್ಟಿಲೇನ. ಡಿಕ್ಕಿ ಹೊಡಿಯೂ ಮಾದರೀನ ಹಿಡೀತೇನಿ."

"ಒಂದು ವರ್ಷ ಹೋಗತೈತಿ ನೋಡು."

"ಗೊತ್ತೈತ್ರಿ," ಎಂದಳು ಸಂಘಮಿತ್ರಾ.

ಅಲ್ಲಿಂದಲೇ ತಾಯಿಗೆ ಫೋನ್ ಮಾಡಿ, ಈ ಪೂರ್ಣಿಮೆಗೆ ಡಾಕ್ಟರ್ ಆಗುವುದಿಲ್ಲವೆಂದು ನಡೆದದ್ದನ್ನೆಲ್ಲ ಹೇಳಿದಳು. ಸತ್ಯವ್ವ ನಡುವೆ ಬಾಯಿ ಹಾಕದೆ ಪೂರ್ತಿ ಕೇಳಿದಳು. ಕಡೆಗೆ ಸಮಾಧಾನವಾಗಿಯೇ ಹೇಳಿದಳು: "ಆತು ಬಿಡವಾ. ಆ ಬುಟ್ಟಿ ಸುರುವಿದಾಕಿ ಕೈಯಾಗ ಒಂಚೂರು ಫೋನ್ ಕೊಡು."