ದಯೆಯ ಏಟು

ಬೇವಿನೆಣ್ಣೆಯ ವಾಸನೆ ಮೂಗಿಗೆ ಬಡಿದರೆ ಸಾಕು, ಭಾಲ್ಕಿಯ ನಮ್ಮ ಮನೆಯ ಹಿತ್ತಲು ಕಣ್ಣೆದುರು ಬರುತ್ತದೆ. ನಿಮಗೂ ಇಂಥದೊಂದು ಹಿತ್ತಲು ಇದ್ದೀತು. ನಮ್ಮದರಲ್ಲಿ ಮುಂಗಾಲೆರಡೂ ಮುರಿದುಕೊಂಡು ಚಾಂದನಿ ಬಿದ್ದಿತ್ತು. ಅದು ಮುತ್ಯಾನ, ಅಂದರೆ ನನ್ನ ಅಜ್ಜನ, ಕುದುರೆ. ಔರಾದ ಸಂತೆಗೆ ಅವರನ್ನು ಹೊತ್ತೊಯ್ಯುತ್ತಿದ್ದ ಆ ಕುದುರೆ, ಭಾರತದ ಸೈನ್ಯ ನಿಜಾಮನ ಸಂಸ್ಥಾನಕ್ಕೆ ನುಗ್ಗಿದ ಪೊಲೀಸ್ ಆಕ್ಷನ್ ಆದ ವಾರವೇ ಹಳ್ಳದ ದಂಡೆಯಲ್ಲಿ ಜಾರಿತ್ತು. ಬಂಡಿಯಲ್ಲಿ ಹಾಕಿ ತಂದಿದ್ದರು. ಎಂಟು ವರ್ಷದ ನಾನು ದಿನವಿಡೀ ಅದರ ಗಾಯಕ್ಕೆ ಎಣ್ಣೆ ಹಚ್ಚುತ್ತಿದ್ದೆ.

ನಮ್ಮದು ಲಿಂಗ ಕಟ್ಟಿದ ಮನೆ, ಜೀವ ತೆಗೆಯುವ ಮಾತೇ ಇಲ್ಲ. ಆದರೂ ಒಂದು ರೂಢಿ ಇತ್ತು. ಸಾಕಿದ ಪ್ರಾಣಿ ಹೀಗೆ ಬಿದ್ದು ಒದ್ದಾಡಿದರೆ ಓಣಿಯ ಕಟುಕ ಮಹಬೂಬ್ ಚಾಚಾ ಹಿತ್ತಲ ಬಾಗಿಲಿನಿಂದ ಬರುತ್ತಿದ್ದರು. ಅಷ್ಟೊತ್ತಿಗೆ ಮುತ್ಯಾ ಕಣ್ಣು ಮುಚ್ಚಿ ಲಿಂಗಪೂಜೆಗೆ ಕೂತಿರುತ್ತಿದ್ದರು. ಎಂಥ ಚೊಕ್ಕ ಏರ್ಪಾಡು! ಆದರೆ ಚಾಂದನಿ ಅವರ ಮುದ್ದಿನ ಕುದುರೆ. "ಇನ್ನೊಂದ ದಿನ ನೋಡೂನು" ಎಂದು ತಡೆದರು.

ಹೈದರಾಬಾದಿನಲ್ಲಿ ವಕೀಲಿ ಓದಿದ್ದ ಮುತ್ಯಾನ ಕಿರಿಯ ಮಗ, ನನ್ನ ಕಾಕಾಗೆ ಅದನ್ನು ನೋಡಲಾಗಲಿಲ್ಲ. ಇಂಗ್ಲಿಷರು ಫ್ರೆಂಚರಿಂದ ಎರವಲು ತಂದ ಮಾತೊಂದಿದೆ, 'ಕೂ ದ ಗ್ರಾಸ್' ಎಂದು ನನಗೆ ಹೇಳಿದರು. ಕೂ ಎಂದರೆ ಏಟು, ಗ್ರಾಸ್ ಎಂದರೆ ದಯೆ. ಹಳೆಯ ಕಾಲದ ಯುದ್ಧಗಳಲ್ಲಿ, ಬದುಕಲಾರದಷ್ಟು ಗಾಯಗೊಂಡವನ ನರಳಾಟ ಮುಗಿಸಲು ಹೊಡೆಯುತ್ತಿದ್ದ ಕೊನೆಯ ಏಟು.

"ದಯಾ ಇದ್ದವರು ಹೊಡೀತಾರೇನ್ರಿ ಕಾಕಾ?"

"ಉಳಿಯಂಗಿಲ್ಲ ಅಂತ ಗೊತ್ತಾದ ಮ್ಯಾಲ ಎಣ್ಣಿ ಹಚ್ಚಕೋತ ಕೂಡೂದ ಪಾಪ, ಕೂಸ."

ಈಗ ಇಂಗ್ಲಿಷ್ ಪತ್ರಿಕೆಯವರು ಪಂದ್ಯ ಗೆಲ್ಲಿಸಿದ ಹೊಡೆತಕ್ಕೂ ಅದೇ ಮಾತು ಬಳಸುತ್ತಾರೆ. ದಯೆ ಎಲ್ಲೋ ಬಿದ್ದುಹೋಗಿದೆ. ಓದಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.

ಮೂರನೆಯ ದಿನ ಗಾಯದಲ್ಲಿ ಹುಳು ಕಾಣಿಸಿದವು. ಮುತ್ಯಾ ಹೊತ್ತಲ್ಲದ ಹೊತ್ತಿನಲ್ಲಿ ಪೂಜೆಗೆ ಕೂತರು. ಚಾಚಾರನ್ನು ಕರೆತನ್ನಿ ಎಂಬುದರ ಗುರುತು ಅದು. ಕಾಕಾ ಕದಲಲಿಲ್ಲ. ಬಹಳ ಹೊತ್ತಿನ ಮೇಲೆ ಮುತ್ಯಾ ಕಣ್ಣು ತೆರೆದು, "ಹೋಗಲಿಲ್ಲೇನೋ?" ಎಂದರು.

"ಯಾರನ್ನ ಕರೀಲಿರಿ ಅಪ್ಪಾ? ನಿನ್ನಿ ಮಧ್ಯಾಹ್ನ ಮುಸಲ್ಮಾನರನ್ನ ಹುಡುಕಿ ಕಡಿಯೂ ಮಂದಿ ಬೆನ್ನ ಹತ್ತಿದಾಗ ಚಾಚಾ ನಮ್ಮ ಹಿತ್ತಲ ಬಾಗಲಾ ಬಡಿದ್ರು. ಅಗಳಿ ತಗೀಬ್ಯಾಡ ಅಂದವರು ನೀವ. ನಾನೂ ಸುಮ್ಮನ ನಿಂತೆ. ನಿಮಗ ಹೇಳಿದ್ದಿಲ್ಲ, ಅವರನ್ನ ಓಣ್ಯಾಗನ ಕಡದ ಹಾಕಿದ್ರು."

ಚಾಂದನಿ ಮತ್ತೆರಡು ದಿನ ಕೂಗಿ ಕೂಗಿ ಸತ್ತಿತು. ಆ ಮನೆ ಈಗಿಲ್ಲ. ಮುತ್ಯಾ ಇಲ್ಲ, ಕಾಕಾ ಇಲ್ಲ. ಇಲ್ಲದವರನ್ನು ಬೈಯುವುದು ನನಗೆ ಸುಲಭ. ಆದರೆ ಆ ಮಧ್ಯಾಹ್ನ ಬಾಗಿಲಿಗೆ ಎಲ್ಲರಿಗಿಂತ ಹತ್ತಿರ ಇದ್ದವಳು ನಾನೇ. ಅಗಳಿ ನನ್ನ ಕೈಗೆ ಎಟಕುತ್ತಿತ್ತು. ಚಾಚಾ ನನ್ನ ಹೆಸರು ಹಿಡಿದು ಕರೆದರು, ಎರಡು ಸಲ. ನಾನು ಕುದುರೆಯ ಕೊರಳು ತಬ್ಬಿಕೊಂಡು ಕೂತೇ ಇದ್ದೆ.