ಓಕ್ ಪೆಟ್ಟಿಗೆ ಬೇಡವೆಂದ ಅಲ್ವೀನೆ

ಬೋಖುಮ್ ಊರಿನ ಗಣಿಕೇರಿಯಲ್ಲಿ ಬಟ್ಟೆ ಒಗೆದು ಬದುಕುತ್ತಿದ್ದ ಅಲ್ವೀನೆಯ ಗಂಡ ಎವಾಲ್ಡ್ ಸಾವಿರದ ಒಂಬೈನೂರ ಇಪ್ಪತ್ತಮೂರರ ಆಗಸ್ಟಿನಲ್ಲಿ ಸತ್ತ. ಯುದ್ಧದಲ್ಲಿ ವಿಷಗಾಳಿ ಕುಡಿದು ಬಂದವನು, ಐದು ವರ್ಷ ಕೆಮ್ಮಿ ಸತ್ತ. ಆ ವರ್ಷ ಸಾಯುವುದು ಸುಲಭವಿತ್ತು. ಹೂಳುವುದೇ ಕಷ್ಟ.

ಯುದ್ಧದಲ್ಲೇ ಒಮ್ಮೆ ಫಿರಂಗಿ ಗುಂಡು ಸಿಡಿದು ಅವನು ಜೀವಂತ ಮಣ್ಣಿನಡಿ ಸಿಕ್ಕಿಕೊಂಡಿದ್ದ. ಅಂದಿನಿಂದ ಒಂದೇ ಬೇಡಿಕೆ: "ಮುಖದ ಮೇಲೆ ಮಣ್ಣು ಬೀಳಬಾರ್ದು ಕಣೇ. ಹೆಣದ ಪೆಟ್ಟಿಗೆಗೆ ಮುಚ್ಚಳ ಇರ್ಲಿ."

ಮುಚ್ಚಳಕ್ಕೆಂದು ಅಲ್ವೀನೆ ಬಡಗಿ ಯುಪ್‌ನ ಬಳಿ ಹೋದಳು. ಅವನು ದೂರದಿಂದಲೇ ಬೇಡವೆಂದು ಕೈ ಆಡಿಸಿದ.

"ನೋಟು ತರಬೇಡ ಅಲ್ವೀನಕ್ಕ. ಬೆಳಿಗ್ಗೆ ಇಸ್ಕೊಂಡ್ರೆ ಮಧ್ಯಾಹ್ನಕ್ಕೆ ಮೊಳೇನೂ ಬರಲ್ಲ. ಹಂದಿಮಾಂಸ ಇದ್ರೆ ಕೊಡು, ಆಲೂಗಡ್ಡೆ ಇದ್ರೆ ಕೊಡು."

"ಇದ್ದಿದ್ರೆ ಅವನಿಗೇ ತಿನ್ನಿಸ್ತಿರ್ಲಿಲ್ವೇನೋ?"

ಮನೆಗೆ ಬಂದರೆ ಟೀಲೆ ಮೇಷ್ಟ್ರು ಹ್ಯಾಟು ಕಳಚಿ ಹೆಣದ ಮುಂದೆ ನಿಂತಿದ್ದರು. ಈಗ ಮಾಜಿ ಸೈನಿಕರ ಸಂಘಕ್ಕೆ ಅಧ್ಯಕ್ಷರು. ಯುದ್ಧ ಶುರುವಾದಾಗ ಕೇರಿಯ ಹೆಂಗಸರ ಮದುವೆಯುಂಗುರ ಕಳಚಿಸಿ, ಚಿನ್ನ ದೇಶಕ್ಕೆ ಎಂದು, ಕಬ್ಬಿಣದ್ದು ತೊಡಿಸಿದವರು. ಬಡ್ಡಿ ಸಮೇತ ಬರುತ್ತದೆ ಎಂದು ಯುದ್ಧದ ಸಾಲಪತ್ರ ಮಾರಿದವರು.

"ಸಂಘದಿಂದ ಓಕ್ ಮರದ ಪೆಟ್ಟಿಗೆ ಕೊಡ್ತೀವಮ್ಮ. ನಾನು ನಾಲ್ಕು ಮಾತಾಡ್ತೀನಿ, ಅಷ್ಟೇ."

"ಏನಂತ?"

"ಫ್ರೆಂಚರು ಕೊಂದ್ರು ಅಂತ. ಯುದ್ಧದ ದಂಡ ಕಟ್ಟಿ ಅಂತ ಹಿಂಡಿದ್ದಕ್ಕೇ ನಮ್ಮ ದುಡ್ಡು ಕಸ ಆಯ್ತು, ಔಷಧಿಗೆ ಗತಿಯಿಲ್ದೆ ಎವಾಲ್ಡ್ ಹೋದ ಅಂತ."

ಎವಾಲ್ಡ್ ಹೇಳುತ್ತಿದ್ದುದು ಬೇರೆ. "ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸಿದ್ರು ಕಣೇ. ಗೆಲ್ತೀವಿ, ಸೋತೋನು ಎಲ್ಲಾ ಕೊಡ್ತಾನೆ ಅಂತ ಸರ್ಕಾರದೋರು ಸಾಹುಕಾರರಿಗೆ ತೆರಿಗೆ ಹಾಕ್ಲಿಲ್ಲ. ಸಾಲ ಎತ್ತಿದ್ರು, ಅದೂ ಸಾಲ್ದೆ ನೋಟು ಅಚ್ಚೊತ್ತಿದ್ರು. ಸೋತೋರು ನಾವೇ ಆದ್ವಿ."

ಫ್ರೆಂಚರು ದಂಡ ಕೇಳಿದ್ದು ಸುಳ್ಳಲ್ಲ. ದಂಡದ ಕಲ್ಲಿದ್ದಲು ಬರಲಿಲ್ಲವೆಂದು ಜನವರಿಯಲ್ಲಿ ಬಂದೂಕು ಹಿಡಿದು ಗಣಿಯ ಬಾಗಿಲಲ್ಲಿ ಕೂತದ್ದೂ ಸುಳ್ಳಲ್ಲ. ಅದಕ್ಕೆ ಬರ್ಲಿನ್ನಿನ ಸರ್ಕಾರದ ಮಹಾಶಯರು ಮಾಡಿದ್ದೇನು? ಅಗೆಯಬೇಡಿ, ಮನೆಯಲ್ಲಿ ಕೂತಿರಿ, ಕೂಲಿ ನಾವು ಕೊಡುತ್ತೇವೆ ಎಂದರು. ಕೊಟ್ಟರು. ಎಲ್ಲಿಂದ? ಅಚ್ಚಿನ ಯಂತ್ರದಿಂದ. ಕಲ್ಲಿದ್ದಲಿನ ಮೇಲೆ ಕೂತ ಊರು ಒಲೆಗೆ ಕುರ್ಚಿ ಮುರಿಯಿತು. ದೊಡ್ಡ ಧಣಿಗಳು ಸಾಲ ತೆಗೆದು ಕಾರ್ಖಾನೆ ಕೊಂಡರು, ಆಮೇಲೆ ಆ ಸಾಲವನ್ನು ಕಸವಾದ ನೋಟು ಕೊಟ್ಟು ತೀರಿಸಿದರು. ನೋಟಿನ ಒಂದು ಮಗ್ಗುಲಿಗಷ್ಟೇ ಅಚ್ಚು. ಇನ್ನೊಂದಕ್ಕೆ ಅವರಿಗೆ ಪುರಸೊತ್ತಿರಲಿಲ್ಲ. ಆ ಖಾಲಿ ಮಗ್ಗುಲೇ ನಿಜ ಹೇಳುತ್ತಿತ್ತು.

"ಮೇಷ್ಟ್ರೇ, ಫ್ರೆಂಚರ ಜೊತೆ ಸಾಲಪತ್ರ ಮಾರಿದೋರ ಹೆಸರೂ ಸೇರಿಸ್ತೀರಾ?"

ಮೇಷ್ಟ್ರ ಕಿವಿ ಕೆಂಪಾಯಿತು. "ಇದು ಜಗಳದ ಹೊತ್ತಲ್ಲಮ್ಮ. ಬೇಡ ಅಂದ್ರೆ ಊರೊಟ್ಟಿನ ಪೆಟ್ಟಿಗೇನೇ ಗತಿ. ಗುಂಡೀಲಿ ತಳ ಬಿಚ್ಚಿ ಹೆಣ ಬೀಳಿಸ್ತಾರೆ, ಪೆಟ್ಟಿಗೆ ವಾಪಸ್ ತರ್ತಾರೆ. ಎವಾಲ್ಡ್‌ಗೆ ಅದಾ?"

ಆ ಮಾತು ನಾಟಿತು. ಅಲ್ವೀನೆ ಹಾಸಿಗೆಯ ಅಂಚಿಗೆ ಕೂತಳು. ಗಂಡನ ಮುಖ ನೋಡಿದಳು. ಮುಚ್ಚಳ ಬೇಕು. ಆದರೆ ಅವನು ಸಾಯುವವರೆಗೂ ಛೀ ಎಂದು ಉಗಿದ ಸುಳ್ಳನ್ನು ಅವನ ಮೇಲೇ ಹೊದಿಸುವುದೇ?

"ಹೋಗ್ಬನ್ನಿ ಮೇಷ್ಟ್ರೇ" ಎಂದಳು.

ಬಟ್ಟೆ ಕುದಿಸುವ ತಾಮ್ರದ ಹಂಡೆಯನ್ನು ತಳ್ಳುಗಾಡಿಗೆ ಹಾಕಿಕೊಂಡು ಮತ್ತೆ ಯುಪ್‌ನಲ್ಲಿಗೆ ಹೋದಳು. ಯುದ್ಧಕ್ಕೆಂದು ಮನೆಮನೆಯ ತಾಮ್ರ ಕಿತ್ತೊಯ್ದಾಗಲೂ ಬೂದಿಗುಂಡಿಯಲ್ಲಿ ಹೂತು ಉಳಿಸಿಕೊಂಡದ್ದು. ಅವಳ ಅನ್ನ ಅದು.

ಯುಪ್ ಹಂಡೆ ಬಡಿದು ನೋಡಿದ. "ಇನ್ಮೇಲೆ ಬಟ್ಟೆ ಎಲ್ಲಿ ಕುದಿಸ್ತೀಯಕ್ಕ?"

"ನಿನ್ನ ಬುರುಡೇಲಿ. ಹಲಗೆ ಕುಯ್ಯೋ."

ಮರುದಿನ ಪೈನ್ ಹಲಗೆಯ ಪೆಟ್ಟಿಗೆ ಗುಂಡಿಗಿಳಿಯಿತು. ಪಾದ್ರಿ ಪ್ರಾರ್ಥನೆ ಮುಗಿಸಿದರು. ಕರೆಯದಿದ್ದರೂ ಟೀಲೆ ಮೇಷ್ಟ್ರು ಬಂದಿದ್ದರು. ಗಂಟಲು ಸರಿಮಾಡಿಕೊಂಡರು.

"ಬಂಧುಗಳೇ, ವೈರಿಯ ಕ್ರೂರ ಹಸ್ತ..."

"ಮಣ್ಣು ಹಾಕ್ರಪ್ಪ" ಎಂದಳು ಅಲ್ವೀನೆ.

ಗುಂಡಿ ತೋಡಿದ ಮುದುಕ ಹಿಂಜರಿದ. "ಮೇಷ್ಟ್ರ ಮಾತು ಮುಗೀಲಿ ತಾಯಿ."

"ಅದು ಹದಿನಾಲ್ಕನೇ ಇಸವಿಯಿಂದ ನಡೀತಿದೆ. ಮುಗಿಯಲ್ಲ."

ಮುದುಕನ ಕೈಯಿಂದ ಸಲಿಕೆ ಕಿತ್ತುಕೊಂಡು ಮೊದಲ ಮಣ್ಣು ಅವಳೇ ಎಳೆದಳು. ಮುಚ್ಚಳದ ಮೇಲೆ ಧಬ್ಬೆಂದಿತು. ಮೇಷ್ಟ್ರು ದನಿ ಏರಿಸಿದರು. ಅವಳು ಇನ್ನೊಂದು ಸಲಿಕೆ ಎಳೆದಳು.