ಚೀಲದಲ್ಲಿ ಒಯ್ದ ಮಾದರಿ ಕಲ್ಲು

ಶಹಾಬಾದಿನಲ್ಲಿ ಫರಸಿ ಕಲ್ಲಿನ ವ್ಯಾಪಾರ ನನ್ನದು. ನೆಲಕ್ಕೆ ಹಾಸಲು ಕಲ್ಲು ಕೊಳ್ಳುವವರಿಗೆ ಪುಕ್ಕಟೆಯಾಗಿ ಒಂದು ಬುದ್ಧಿ ಹೇಳುತ್ತೇನೆ. ಮುಂದೆ ಒರಗಿಸಿಟ್ಟ ಕಲ್ಲು ನೋಡಿ ಮಾತು ಮುಗಿಸಬೇಡಿ. ನಡುವಿನದೊಂದನ್ನು ಎಳೆಸಿ, ಬೆರಳ ಗೆಣ್ಣಿನಿಂದ ಬಡಿಯಿರಿ. ಗಟ್ಟಿ ಕಲ್ಲು ಕಂಚಿನಂತೆ ದನಿ ಕೊಡುತ್ತದೆ, ಪದರ ಬಿಟ್ಟ ಕಲ್ಲು ಒಡಕು ಮಡಕೆಯಂತೆ ಮಂಕಾಗಿ ಕೇಳುತ್ತದೆ. ಬೇರೆಯವರ ಅಂಗಡಿಗೆ ಹೋಗುವವರಿಗೆ ಮಾತ್ರ ಈ ಬುದ್ಧಿ. ನನ್ನ ಅಂಗಡಿಯಲ್ಲಿ ಮುಂದೆ ಒರಗಿಸುವ ಕಲ್ಲು ಯಾವುದಿರಬೇಕೆಂದು ಆರಿಸುವವನು ನಾನೇ.

ನನ್ನ ತಂಗಿ ಇರುವುದು ಚಿಂಚೋಳಿಯಲ್ಲಿ. ಅವಳ ಗಂಡ ಜ್ವರದಲ್ಲಿ ಮಲಗಿದ್ದಾಗ ಹಗಲು ರಾತ್ರಿ ಪ್ರಾರ್ಥನೆ ಮಾಡಿದಳು. ಅವನು ಉಳಿಯಲಿಲ್ಲ. ಆಮೇಲೆ ಅವಳು ಚರ್ಚಿಗೆ ಹೋಗುವುದನ್ನು ಬಿಟ್ಟಳು. ಈಸ್ಟರ್ ಹತ್ತಿರ ಬಂದಾಗ ಅಲ್ಲಿಯ ಪಾಸ್ಟರು ನನಗೆ ಫೋನ್ ಮಾಡಿದರು: "ನಮ್ಮ ಮಾತು ಆಕಿ ಕೇಳವಲ್ಲಳ್ರಿ. ನೀವು ಎಂಥವರ್ನೂ ಒಪ್ಪಸ್ತೀರಿ, ಒಮ್ಮಿ ಬಂದು ಹೋಗ್ರಿ." ಈ ಹಬ್ಬಕ್ಕೂ ಅವಳು ಚರ್ಚಿನಲ್ಲಿ ಯೇಸುವಿನ ನೆನಪಿಗೆ ರೊಟ್ಟಿ ಮುರಿದು ಹಂಚುವ ಕರ್ತನ ಭೋಜನಕ್ಕೆ ಬರದಿದ್ದರೆ ಇನ್ನೆಂದೂ ಬರಲಾರಳು ಎಂಬ ಹೆದರಿಕೆ ನನಗೂ ಇತ್ತು. ಆದರೆ ಪಾಸ್ಟರ ಹೊಗಳಿಕೆ ಆ ಹೆದರಿಕೆಗಿಂತ ರುಚಿಯಾಗಿತ್ತು ಎಂಬುದನ್ನೂ ಹೇಳಬೇಕು.

ವಾಡಿ ಸ್ಟೇಷನ್ನಿನಲ್ಲಿ ಕಲ್ಲು ಹೊತ್ತು ಮೇಲೆ ಬಂದವನು ನಾನು. ಬರಿಗೈಯಲ್ಲಿ ಮಾತಿಗೆ ಕೂರುವುದಿಲ್ಲ. ಅಂಗೈ ಅಗಲದ ಒಳ್ಳೆಯ ತುಂಡೊಂದನ್ನು ಚೀಲಕ್ಕೆ ಹಾಕಿಕೊಂಡೆ. ಚಿತ್ತಾಪುರ ದಾಟಿ, ಸೇಡಂನಲ್ಲಿ ಬಸ್ಸು ಬದಲಿಸುವ ಹೊತ್ತಿಗೆ ಮಾತೆಲ್ಲ ತಯಾರಾಗಿತ್ತು.

ತಂಗಿ ನೆಲದ ಮೇಲೆ ಕುಳಿತು ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದಳು.

"ಬಾ ಅಣ್ಣಾ, ಕುಂದ್ರು. ಪಾಸ್ಟರ್ ಕಳಿಸ್ಯಾರೇನು?"

"ಯಾರ್ ಕಳಿಸ್ತಾರ? ತಂಗಿನ್ನ ನೋಡ್ಲಾಕ ಬರಬಾರ್ದೇನು?"

"ಹಬ್ಬಕ್ಕ ಕರದ್ರೂ ಬರಲಾರ್ದಾಂವ ಹಬ್ಬದ ಮೊದಲೇ ಬಂದೀದಿ. ಅದಕ್ಕ ಕೇಳ್ದೆ." ನಕ್ಕಳು, ಮತ್ತೆ ಮೊರ ನೋಡುತ್ತ ಅಂದಳು: "ಅಣ್ಣಾ, ದೇವ್ರು ಆಕಾಶಕ್ಕೂ ಹಿಡಿಸಲಾರದಾಂವ. ನನ್ನ ತಲಿ ಎಷ್ಟರದು? ಆತ ಒಳ್ಳ್ಯಾಂವ ಅಂತ ನಂಗ ಹ್ಯಾಂಗ ತಿಳೀಬೇಕು?"

ಕಾಯುತ್ತಿದ್ದ ಪ್ರಶ್ನೆಯೇ ಬಂತು. ಚೀಲದಿಂದ ಕಲ್ಲು ತೆಗೆದು ಅವಳ ಮುಂದಿಟ್ಟೆ. "ಗಿರಾಕಿ ಮನೀಗಿ ಇಡೀ ಗಣಿ ಹೊತ್ಕೊಂಡು ಹೋಗ್ಲಾಕ ಬರ್ತದೇನು? ಇಷ್ಟು ತುಂಡು ಒಯ್ದು ತೋರಸ್ತೀನಿ. ಇದರಾಗೇ ಗಣಿ ಎಂಥಾದಂತ ಗೊತ್ತಾಗ್ತದ. ಹಂಗೇ ತಂದಿನ್ನ ಕಾಣ್ಲಾಕ ಆಗಲ್ಲಂತ ಮಗ ಬಂದ. ಯೇಸುಸ್ವಾಮಿನ್ನ ನೋಡಿದ್ರ ದೇವರ್ನ ನೋಡಿದಂಗ."

ಅವಳು ಕಲ್ಲನ್ನು ತಿರುಗಿಸಿ ನೋಡಿದಳು. ಗೆಣ್ಣಿನಿಂದ ಬಡಿದಳು, ಚೊಕ್ಕ ದನಿ ಬಂತು. ಆಮೇಲೆ ತಾನು ಕುಳಿತ ನೆಲವನ್ನು ಬಡಿದಳು. ಮಂಕು ದನಿ. ಅಲ್ಲಲ್ಲಿ ಸಿಪ್ಪೆ ಎದ್ದ ಆ ನೆಲಕ್ಕೆ ಕಲ್ಲು ಕಳಿಸಿದವನು ನಾನೇ.

"ಈ ನೆಲ ಹಾಕೋ ಮುಂದೂ ಇಂಥಾದೇ ತುಂಡು ತಂದು ತೋರ್ಸಿದ್ದಿ, ಅಣ್ಣಾ. ಕುರುಡರಿಗಿ ಕಣ್ಣು ಕೊಟ್ಟಾಂವ, ಅಳೋರ ಜೋಡಿ ಅತ್ತಾಂವ, ಮಗ ಭಾಳ ಒಳ್ಳ್ಯಾಂವ. ನಾ ಇಲ್ಲ ಅನ್ನಂಗಿಲ್ಲ. ಆದ್ರ ಆತನೂ ನಿನ್ನ ಸ್ಯಾಂಪಲ್ಲಿನಂಗ ಆರ್ಸಿ ಇಟ್ಟಾಂವ ಇದ್ರ? ಹಿಂದಿರೋ ತಂದಿ ಬ್ಯಾರೇನೇ ಇದ್ರ? ಇವ್ರು ಹೋದಾಗಿಂದ ಅದೇ ಅಂಜಿಕಿ ನಂಗ."

ಅವಳ ದನಿಯಲ್ಲಿ ಸಿಟ್ಟಿದ್ದರೆ ನನಗೆ ಸುಲಭವಾಗುತ್ತಿತ್ತು. ಅವಳು ನಿಜಕ್ಕೂ ಕೇಳುತ್ತಿದ್ದಳು. ಉತ್ತರ ನನಗೆ ಗೊತ್ತಿತ್ತು: ಆ ಮಗ ಆರಿಸಿ ತೆಗೆದ ತುಂಡಲ್ಲ, ತಂದೆಯ ಅದೇ ಪದರದಿಂದ ಬಂದವನು; ಅವನಲ್ಲಿ ಕಂಡದ್ದಕ್ಕಿಂತ ದೇವರು ದೊಡ್ಡವನೇ ಹೊರತು ಬೇರೆಯವನಲ್ಲ. ಆದರೆ ಅದನ್ನು ಹೇಳಬೇಕಾದ ಬಾಯಿ ನನ್ನದಾಗಿತ್ತು. ಅವಳ ಕಣ್ಣು ತಪ್ಪಿಸಲು ನೆಲ ನೋಡಿದರೆ, ಅಲ್ಲಿಯೂ ನನ್ನದೇ ಕಲ್ಲು.

"ತಂಗಿ, ಆತನ್ನ ನನ್ನ ಅಂಗಡಿ ಲೆಕ್ಕದಾಗ ನೋಡಬ್ಯಾಡ," ಎಂದೆ. "ಮೋಸ ಇದ್ದದ್ದು ನನ್ನ ಕೈಯಾಗ."

"ಇದೊಂದು ಖರೇ ಹೇಳ್ದಿ ನೋಡು," ಎಂದು ಎದ್ದು ಚಹಾಕ್ಕಿಟ್ಟಳು. ಹಬ್ಬಕ್ಕೆ ಚರ್ಚಿಗೆ ಬರುತ್ತೇನೆ ಅನ್ನಲಿಲ್ಲ, ಬರುವುದಿಲ್ಲ ಎಂದೂ ಅನ್ನಲಿಲ್ಲ.

ಊರಿಗೆ ಬಂದು ಹೊಸ ಕಲ್ಲು ಕಳಿಸಿದೆ. ಅವಳು ಒಂದೊಂದನ್ನೂ ಬಡಿದು ನೋಡಿಯೇ ಇಳಿಸಿಕೊಂಡಳು ಎಂದು ಡ್ರೈವರ್ ನಗುತ್ತ ಹೇಳಿದ. ನನಗೆ ನಗು ಬರಲಿಲ್ಲ.

ಈಸ್ಟರ್ ದಿನ ಚಿಂಚೋಳಿಯ ಚರ್ಚಿನಲ್ಲಿ ಕಡೆಯ ಬೆಂಚಿಗೆ ಕುಳಿತೆ. ಸ್ತೋತ್ರ ಶುರುವಾದ ಮೇಲೆ ತಂಗಿ ಬಂದಳು. ಪಾಸ್ಟರು ಎಲ್ಲರಿಗೂ ಕಾಣುವಂತೆ ರೊಟ್ಟಿಯನ್ನು ಎತ್ತಿ ಹಿಡಿದು ಮುರಿದರು. ಮುರಿಯುವ ಆ ಕೈಗಳನ್ನು ಅವಳು ರೆಪ್ಪೆ ಬಡಿಯದೆ ನೋಡುತ್ತಿದ್ದಳು. ತುಂಡುಗಳು ಒಂದು ಸಮ ಇರಲಿಲ್ಲ. ಅವಳು ಎದ್ದು ಮುಂದೆ ಹೋಗಿ ಮೊಣಕಾಲೂರಿದಳು. ನಾನೂ ಹೋಗಿ ಪಕ್ಕದಲ್ಲಿ ಮೊಣಕಾಲೂರಿದೆ.

ತಟ್ಟೆ ಬಂದಾಗ ಅವಳು ಕೈಗೆ ಸಿಕ್ಕ ತುಂಡನ್ನು ತೆಗೆದುಕೊಂಡು ಬಾಯಿಗಿಟ್ಟಳು. ನನ್ನ ಬೆರಳು ಮಾತ್ರ ತಟ್ಟೆಯ ಮೇಲೆ ಒಂದು ತುಂಡಿನಿಂದ ಇನ್ನೊಂದಕ್ಕೆ ಹೋಗುತ್ತಿತ್ತು. ಹಾಗೆ ಹೋಗುತ್ತಿದೆ ಎಂಬುದೂ ನನಗೆ ತಿಳಿದಿರಲಿಲ್ಲ.

"ಆರಿಸಬ್ಯಾಡ, ಅಣ್ಣಾ," ತಂಗಿ ಮೆಲ್ಲಗೆ ಅಂದಳು. "ತೊಗೋ."